ಊರಿನ ಮೀಟಿಂಗ್‌ಗೆ ಒಂದ್ಸಲ ಬನ್ನಿ: ನ್ಯೂಜೆರ್ಸಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ

ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ಕೂಟದ ವಾಟ್ಸಾಪ್ ಗುಂಪಿಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ನಮ್ಮ ಮಗಳಿಗೆ ಸ್ಕೂಲ್ ಬಸ್ ಇಲ್ಲ ಅಂತಿದ್ದಾರೆ. ದಾರಿಯಲ್ಲಿ ಸೈಡ್‌ವಾಕೂ ಇಲ್ಲ. ಯಾರನ್ನ ಕೇಳ್ಬೇಕು?"

ನ್ಯೂಜೆರ್ಸಿ ಕಾನೂನಿನ ಪ್ರಕಾರ ಎಂಟನೇ ತರಗತಿವರೆಗಿನ ಮಕ್ಕಳಿಗೆ ಮನೆಯಿಂದ ಶಾಲೆ 2 ಮೈಲಿಗಿಂತ ದೂರ ಇದ್ದರೆ ಬಸ್ ಕೊಡಲೇಬೇಕು. ಹೈಸ್ಕೂಲಿನವರಿಗೆ ಎರಡೂವರೆ ಮೈಲಿ. ಅದಕ್ಕಿಂತ ಹತ್ತಿರ ಇದ್ದವರಿಗೆ ಬಸ್ ಕೊಡುವುದು, ಬಿಡುವುದು ಆಯಾ ಊರಿನ ಸ್ಕೂಲ್ ಬೋರ್ಡಿಗೆ ಸೇರಿದ್ದು. ಅದನ್ನ ಕರ್ಟಸಿ ಬಸ್ ಅಂತಾರೆ. ಕೆಲವು ಊರುಗಳಲ್ಲಿ ವರ್ಷಕ್ಕೆ ಇಷ್ಟು ಅಂತ ದುಡ್ಡು ಕಟ್ಟಿಸಿಕೊಂಡು ಸೀಟು ಕೊಡುತ್ತಾರೆ. ದುಡ್ಡು ಸಾಲದ ವರ್ಷಗಳಲ್ಲಿ ಮೊದಲು ಕತ್ತರಿ ಬೀಳುವುದು ಹೆಚ್ಚಾಗಿ ಇದಕ್ಕೇ. ಆದರೆ ಆ ಕತ್ತರಿ ಆಗಸ್ಟಿನಲ್ಲಿ ಬೀಳುವುದಿಲ್ಲ. ಮಾರ್ಚಿನಲ್ಲಿ ಕರಡು ಬಜೆಟ್, ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರದಲ್ಲಿ ಸಾರ್ವಜನಿಕ ವಿಚಾರಣೆ, ಸಾಮಾನ್ಯವಾಗಿ ಅವತ್ತೇ ಬೋರ್ಡಿನವರ ಮತದಾನ. ಜುಲೈ 1ಕ್ಕೆ ಹೊಸ ಹಣಕಾಸು ವರ್ಷ ಶುರು. ನೀವು ಆಗಸ್ಟಿನಲ್ಲಿ ಕೇಳುವ ಹೊತ್ತಿಗೆ ಬಸ್ಸಿನ ಗುತ್ತಿಗೆಯೂ ಮುಗಿದಿರುತ್ತದೆ.

ಅದಕ್ಕೇ ಈ ಬರಹ. ಮನೆ ಬಾಡಿಗೆ, ಡ್ರೈವಿಂಗ್ ಲೈಸೆನ್ಸ್, ಡಾಕ್ಟರು, ದಿನಸಿ ಅಂಗಡಿ ಎಲ್ಲವನ್ನೂ ನಾವು ಬಂದವರಿಗೆ ಹೇಳಿಕೊಡುತ್ತೇವೆ. ಊರಿನ ಮೀಟಿಂಗ್, ಅಂದರೆ ಸ್ಕೂಲ್ ಬೋರ್ಡು ಮತ್ತು ಪುರಸಭೆಯ ಕೌನ್ಸಿಲ್ ಸೇರುವ ಸಭೆಗಳ ವಿಷಯ ಮಾತ್ರ ಯಾರೂ ಹೇಳುವುದಿಲ್ಲ. ತೊಂದರೆ ಬಂದ ಮೇಲೆ ಹೋಗುವ ಜಾಗ ಅಂತ ಎಲ್ಲರೂ ಅಂದುಕೊಂಡಿದ್ದೇವೆ. ಹಾಗಲ್ಲ. ಅದು ತೊಂದರೆ ಬರುವ ಮೊದಲು ಹೋಗುವ ಜಾಗ.

ಮೊದಲು ನಿಮ್ಮ ಊರು ಯಾವುದು ಅಂತ ತಿಳಿದುಕೊಳ್ಳಿ

ಇದೇನು ಪ್ರಶ್ನೆ ಅನ್ನಬೇಡಿ. ನ್ಯೂಜೆರ್ಸಿಯಲ್ಲಿ 564 ಪುರಸಭೆಗಳಿವೆ. ಟೌನ್‌ಶಿಪ್, ಬರೋ, ಸಿಟಿ ಅಂತ ಬೇರೆ ಬೇರೆ ಹೆಸರು. ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಸುಮಾರು 600. ಅಂಚೆ ವಿಳಾಸದಲ್ಲಿರುವ ಹೆಸರೇ ನಿಮ್ಮ ಊರಾಗಬೇಕು ಅಂತೇನಿಲ್ಲ. ವಿಳಾಸದಲ್ಲಿ ಪ್ರಿನ್ಸ್‌ಟನ್ ಅಂತ ಇರುವ ಎಷ್ಟೋ ಮನೆಗಳು ನಿಜವಾಗಿ ವೆಸ್ಟ್ ವಿಂಡ್ಸರ್, ಸೌತ್ ಬ್ರನ್ಸ್‌ವಿಕ್ ಅಥವಾ ಪ್ಲೇನ್ಸ್‌ಬರೋಗೆ ಸೇರಿವೆ. ನಾವೆಲ್ಲ ತಿಂಡಿಗೆ, ಸೀರೆಗೆ ಹೋಗುವ ಓಕ್ ಟ್ರೀ ರೋಡ್ ಇದೆಯಲ್ಲ, ಅದರ ಐಸೆಲಿನ್ ಭಾಗ ವುಡ್‌ಬ್ರಿಡ್ಜ್ ಟೌನ್‌ಶಿಪ್‌ನದು, ಉಳಿದದ್ದು ಎಡಿಸನ್‌ನದು. ಮೆಟಚನ್ ಅಂತೂ ಸುತ್ತಲೂ ಎಡಿಸನ್ ಇಟ್ಟುಕೊಂಡು ನಡುವೆ ಕೂತ ಬೇರೆಯೇ ಬರೋ. ಅದಕ್ಕೆ ಅದರದೇ ಮೇಯರ್, ಅದರದೇ ಶಾಲೆಗಳು.

ಮನೆ ಸ್ವಂತದ್ದಾದರೆ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ನೋಡಿ, ಅದರಲ್ಲಿ ಊರಿನ ಹೆಸರಿರುತ್ತದೆ. ಬಾಡಿಗೆಯವರು ಲೀಸಿಂಗ್ ಆಫೀಸಿನಲ್ಲಿ ಕೇಳಿದರೆ ಹೇಳುತ್ತಾರೆ. ಎರಡು ಊರು ಸೇರಿ ಒಂದೇ ಸ್ಕೂಲ್ ಡಿಸ್ಟ್ರಿಕ್ಟ್ ಇರುವುದೂ ಉಂಟು. ವೆಸ್ಟ್ ವಿಂಡ್ಸರ್ ಮತ್ತು ಪ್ಲೇನ್ಸ್‌ಬರೋ ಹಾಗೇ. ಪುರಸಭೆ ಬೇರೆ ಬೇರೆ, ಸ್ಕೂಲ್ ಬೋರ್ಡ್ ಒಂದೇ.

ಟ್ಯಾಕ್ಸ್ ಬಿಲ್ ಅಂದೆನಲ್ಲ, ಅದನ್ನ ಸ್ವಲ್ಪ ನಿಧಾನವಾಗಿ ಓದಿ. ಕೌಂಟಿಗೆ ಇಷ್ಟು, ಪುರಸಭೆಗೆ ಇಷ್ಟು, ಶಾಲೆಗೆ ಇಷ್ಟು ಅಂತ ಬಿಡಿಸಿ ಬರೆದಿರುತ್ತಾರೆ. ರಾಜ್ಯದ ಸರಾಸರಿ ಬಿಲ್ 2024ರಲ್ಲಿ ವರ್ಷಕ್ಕೆ 10,000 ಡಾಲರ್ ದಾಟಿತು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಶಾಲೆಗೆ ಹೋಗುತ್ತದೆ. ನಮ್ಮಲ್ಲಿ ಮನೆ ಕಂದಾಯಕ್ಕೂ ಪಕ್ಕದ ಸರ್ಕಾರಿ ಶಾಲೆಯ ಮೇಷ್ಟ್ರ ಸಂಬಳಕ್ಕೂ ನೇರ ಸಂಬಂಧ ಇರಲಿಲ್ಲ. ಅದು ಶಿಕ್ಷಣ ಇಲಾಖೆಯ ವ್ಯವಹಾರ. ಇಲ್ಲಿ ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಒಂದನೇ ತಾರೀಖಿನ ಕಂತಿನಲ್ಲಿ ನೀವು ಕಟ್ಟುವ ದುಡ್ಡೇ ನಿಮ್ಮ ಮಗುವಿನ ಗಣಿತದ ಟೀಚರ್ ಸಂಬಳಕ್ಕೆ ಹೋಗುತ್ತದೆ. "ನಾವು ಬಾಡಿಗೆಯವರು, ನಮಗೇನು" ಅಂತ ಹೇಳುವವರಿಗೂ ಒಂದು ಮಾತು. ಮಾಲೀಕರು ಕಟ್ಟುವ ತೆರಿಗೆ ನಿಮ್ಮ ಬಾಡಿಗೆಯಲ್ಲೇ ಸೇರಿದೆ.

ಸ್ಕೂಲ್ ಬೋರ್ಡ್ ಅಂದರೆ ಯಾರು

ಸಾಮಾನ್ಯವಾಗಿ ಒಂಬತ್ತು ಜನ. ಊರಿನವರೇ ಆರಿಸಿದವರು. ಮೂರು ವರ್ಷದ ಅವಧಿ, ಪ್ರತಿ ವರ್ಷ ಕೆಲವು ಸೀಟುಗಳಿಗೆ ಚುನಾವಣೆ. ಈಗ ಹೆಚ್ಚಿನ ಕಡೆ ಅದು ನವೆಂಬರಿನಲ್ಲೇ ನಡೆಯುತ್ತದೆ. ಇವರಿಗೆ ಸಂಬಳ ಇಲ್ಲ. ಹಗಲೆಲ್ಲ ತಮ್ಮ ಕೆಲಸ ಮುಗಿಸಿ ರಾತ್ರಿ ಬಂದು ಕೂರುತ್ತಾರೆ. ಇದು ನೆನಪಿದ್ದರೆ ಮೈಕಿನ ಮುಂದೆ ನಮ್ಮ ದನಿ ತಾನಾಗಿ ಸ್ವಲ್ಪ ತಗ್ಗುತ್ತದೆ. ಸೂಪರಿಂಟೆಂಡೆಂಟ್ ಈ ಬೋರ್ಡು ನೇಮಿಸಿಕೊಂಡ ಅಧಿಕಾರಿ. ದಿನನಿತ್ಯದ ಕೆಲಸ ಅವರದು. ನೀತಿ, ಬಜೆಟ್, ನೇಮಕಾತಿ, ಶಾಲಾ ಕ್ಯಾಲೆಂಡರ್, ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಅನ್ನುವುದು, ಇವೆಲ್ಲ ಬೋರ್ಡಿನ ಮತದಿಂದ ತೀರ್ಮಾನ ಆಗುತ್ತವೆ.

ಕರ್ನಾಟಕದ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ ಗೊತ್ತಿರುವವರು ಇದೂ ಹಾಗೇ ಅಂದುಕೊಳ್ಳಬಹುದು. ಹಾಗಲ್ಲ. ಎಸ್‌ಡಿಎಂಸಿ ಒಂದು ಶಾಲೆಗೆ ಸೀಮಿತ, ದೊಡ್ಡ ತೀರ್ಮಾನಗಳು ಮೇಲಿನಿಂದ ಬರುತ್ತವೆ. ಇಲ್ಲಿ ಊರಿನ ಎಲ್ಲಾ ಶಾಲೆಗಳ ಬೀಗದ ಕೈ ಈ ಒಂಬತ್ತು ಜನರ ಹತ್ತಿರ ಇರುತ್ತದೆ.

ಬಜೆಟ್ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಮೊದಲು ಶಾಲಾ ಬಜೆಟ್ಟನ್ನ ಊರಿನವರೇ ಮತ ಹಾಕಿ ಒಪ್ಪಬೇಕಿತ್ತು. 2012ರಿಂದ ಚುನಾವಣೆಯನ್ನ ಏಪ್ರಿಲಿನಿಂದ ನವೆಂಬರಿಗೆ ಸಾಗಿಸಲು ಅವಕಾಶ ಸಿಕ್ಕಿತು. ಹಾಗೆ ಮಾಡಿದ ಊರುಗಳಲ್ಲಿ ತೆರಿಗೆ ಏರಿಕೆ ಶೇ 2ರ ಮಿತಿಯೊಳಗೆ ಇದ್ದರೆ ಜನರ ಮತ ಬೇಕಾಗಿಲ್ಲ. ಹಾಗಾಗಿ ಆ ವಸಂತದ ಒಂದು ಸಂಜೆಯ ವಿಚಾರಣೆ ಬಿಟ್ಟರೆ ಬಜೆಟ್ಟಿಗೆಂದೇ ನೀವು ಬಾಯಿ ಬಿಟ್ಟು ಹೇಳುವ ಜಾಗ ಬೇರೆ ಇಲ್ಲ. ಎಷ್ಟೋ ಸಲ ಆ ಸಂಜೆ ಕುರ್ಚಿಗಳು ಖಾಲಿ ಇರುವುದನ್ನ ನೋಡಿದ್ದೇನೆ. ಜೂನಿನಲ್ಲಿ ಆರ್ಕೆಸ್ಟ್ರಾ ಟೀಚರ್ ಕೆಲಸ ಹೋಯಿತು ಅಂತ ಗೊತ್ತಾದಾಗ ಮಾತ್ರ ಹಾಲ್ ತುಂಬಿ ಜನ ಹೊರಗೆ ನಿಂತಿರುತ್ತಾರೆ. ಇದು ನನಗೆ ಪ್ರತಿ ಸಲವೂ ಬೇಸರ ತರುತ್ತದೆ.

ಒಳಗೆ ಏನು ನಡೆಯುತ್ತದೆ

ಮೀಟಿಂಗ್ ಸಂಜೆ ಏಳು, ಏಳೂವರೆಗೆ ಶುರುವಾಗುತ್ತದೆ. ಅಜೆಂಡಾ ಒಂದೆರಡು ದಿನ ಮೊದಲೇ ವೆಬ್‌ಸೈಟಿನಲ್ಲಿ ಬರುತ್ತದೆ. 1975ರ ಬಹಿರಂಗ ಸಭೆಗಳ ಕಾನೂನು, ಇಲ್ಲಿನವರು ಸನ್‌ಶೈನ್ ಲಾ ಅನ್ನುವುದು, ಕನಿಷ್ಠ 48 ಗಂಟೆ ಮೊದಲು ನೋಟಿಸ್ ಕೊಡಬೇಕು ಅಂತ ಹೇಳುತ್ತದೆ. ಮೀಟಿಂಗ್ ಶುರುವಾದಾಗ ಆ ಕಾನೂನಿನ ಹೆಸರು ಹೇಳಿ ಒಂದು ಪ್ಯಾರಾ ಗಡಗಡ ಓದುವುದು ಅದಕ್ಕೇ.

ಆಮೇಲೆ ಎಲ್ಲರೂ ಎದ್ದು ನಿಂತು ಧ್ವಜದ ಪ್ರತಿಜ್ಞೆ ಹೇಳುತ್ತಾರೆ. ನೀವು ಎದ್ದು ಸುಮ್ನೆ ನಿಂತರೆ ಸಾಕು, ಹೇಳಲೇಬೇಕು ಅಂತಿಲ್ಲ. ಹಾಜರಾತಿ ಆಗುತ್ತದೆ. ಮಧ್ಯೆ ಬೋರ್ಡಿನವರು ಎದ್ದು ಒಳಗಿನ ಕೋಣೆಗೆ ಹೋದರೆ ಗಾಬರಿ ಬೇಡ. ನೌಕರರ ವಿಷಯ, ಕೋರ್ಟ್ ಕೇಸು, ಸಂಬಳದ ಮಾತುಕತೆ, ಮಕ್ಕಳ ಖಾಸಗಿ ವಿಷಯ ಇಂಥವನ್ನ ಮುಚ್ಚಿದ ಬಾಗಿಲಲ್ಲಿ ಚರ್ಚಿಸಬಹುದು.

ಹೊಸಬರು ತಬ್ಬಿಬ್ಬಾಗುವುದು ಕನ್ಸೆಂಟ್ ಅಜೆಂಡಾ ಬಂದಾಗ. ಇಪ್ಪತ್ತು, ಮೂವತ್ತು ವಿಷಯಗಳು ಒಂದೇ ಉಸಿರಿನಲ್ಲಿ, ಒಂದೇ ಮತದಲ್ಲಿ ಪಾಸಾಗುತ್ತವೆ. ಚರ್ಚೆಯೇ ಆಗಲಿಲ್ಲವಲ್ಲ ಅನ್ನಿಸುತ್ತದೆ. ಚರ್ಚೆ ಸಮಿತಿಗಳಲ್ಲೋ, ಅದಕ್ಕೆ ಮುಂಚಿನ ವರ್ಕ್ ಸೆಷನ್ನಿನಲ್ಲೋ ಆಗಿರುತ್ತದೆ. ನನ್ನ ಸಲಹೆ ಕೇಳಿದರೆ ದೊಡ್ಡ ಮೀಟಿಂಗಿಗಿಂತ ಈ ವರ್ಕ್ ಸೆಷನ್ನಿಗೆ ಹೋಗಿ. ಅಲ್ಲಿ ಅವರು ಮನಸ್ಸು ಬಿಚ್ಚಿ ಮಾತಾಡುತ್ತಾರೆ. ತೀರ್ಮಾನ ಇನ್ನೂ ಗಟ್ಟಿಯಾಗಿರುವುದಿಲ್ಲ.

ಪ್ರತಿ ಮೀಟಿಂಗ್‌ನಲ್ಲೂ ಸಾರ್ವಜನಿಕರ ಮಾತಿಗೆ ಸಮಯ ಇಡುವುದು ಕಡ್ಡಾಯ. ಪಬ್ಲಿಕ್ ಕಾಮೆಂಟ್ ಅಂತ ಇದರ ಹೆಸರು. ಒಬ್ಬೊಬ್ಬರಿಗೆ ಎಷ್ಟು ಹೊತ್ತು ಅನ್ನುವುದನ್ನ ಆಯಾ ಬೋರ್ಡೇ ನಿಗದಿ ಮಾಡುತ್ತದೆ. ಹೆಚ್ಚಿನ ಕಡೆ ಮೂರು ನಿಮಿಷ. ಹೆಸರು, ಊರು ಹೇಳಬೇಕು. ಯಾವ ವೀಸಾ ಅಂತ ಕೇಳುವುದು ಆ ಮೈಕಿನ ನಿಯಮದಲ್ಲಿಲ್ಲ. ನಾಗರಿಕರೇ ಆಗಿರಬೇಕು ಅಂತಲೂ ಇಲ್ಲ.

ಮೂರು ನಿಮಿಷ ಅಂದರೆ ಒಂದು ಪುಟ. ಬರೆದುಕೊಂಡು ಹೋಗಿ, ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ ನೋಡಿ. ಒಂದೇ ವಿಷಯ, ಒಂದೇ ಬೇಡಿಕೆ. "ಈ ರಸ್ತೆಯಲ್ಲಿ ಇಷ್ಟು ಮಕ್ಕಳು ನಡೆದು ಹೋಗುತ್ತಾರೆ, ಇಲ್ಲಿಂದ ಇಲ್ಲಿವರೆಗೆ ಸೈಡ್‌ವಾಕ್ ಇಲ್ಲ, ಇದನ್ನ ಅಪಾಯದ ದಾರಿ ಅಂತ ಪರಿಗಣಿಸಿ" ಅಂದರೆ ಅದು ಅವರ ಟಿಪ್ಪಣಿಗೆ ಹೋಗುತ್ತದೆ. ಊರಿನ ಆಡಳಿತ ಹೇಗಿರಬೇಕು ಅಂತ ಭಾಷಣ ಮಾಡಿದರೆ ಯಾವ ಟಿಪ್ಪಣಿಗೂ ಹೋಗುವುದಿಲ್ಲ. ಉಚ್ಚಾರಣೆ ಬಗ್ಗೆ ಚಿಂತೆ ಬೇಡ. ಈ ಊರುಗಳ ಮೈಕುಗಳು ಎಲ್ಲಾ ಥರದ ಇಂಗ್ಲಿಷ್ ಕೇಳಿವೆ.

ಮಾತು ಮುಗಿದ ಮೇಲೆ ಒಂದು ಮೌನ ಇರುತ್ತದೆ. "ಥ್ಯಾಂಕ್ ಯೂ" ಅಂತ ಹೇಳಿ ಮುಂದಿನವರನ್ನ ಕರೆಯುತ್ತಾರೆ. ಉತ್ತರ ಕೊಡುವುದಿಲ್ಲ. ಇದನ್ನ ಅವಮಾನ ಅಂದುಕೊಂಡು ಮನೆಗೆ ಹೋಗಿ ಮತ್ತೆಂದೂ ಬಾರದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದು ಅವಮಾನ ಅಲ್ಲ. ಅಲ್ಲೇ ಉತ್ತರಿಸಬೇಕೆಂಬ ನಿಯಮ ಇಲ್ಲ, ಬೋರ್ಡಿನ ವಕೀಲರೂ ಅವಸರದ ಉತ್ತರ ಬೇಡ ಅಂತ ಹೇಳಿರುತ್ತಾರೆ. ಮಾರನೇ ದಿನ ಅದೇ ಮಾತನ್ನ ಬೋರ್ಡ್ ಸೆಕ್ರೆಟರಿಗೆ ಇಮೇಲ್ ಮಾಡಿ. ಒಂದು ವಾರ ಬಿಟ್ಟು ಇನ್ನೊಂದು ಮಾಡಿ. ಮುಂದಿನ ತಿಂಗಳು ಮತ್ತೆ ಹೋಗಿ ಕೂತುಕೊಳ್ಳಿ. ಮೂರನೇ ಸಲಕ್ಕೆ ನಿಮ್ಮ ಮುಖ ಪರಿಚಯ ಆಗಿರುತ್ತದೆ.

ನನ್ನ ಮೊದಲ ಮೂರು ನಿಮಿಷದ ಕಥೆ ಹೇಳುತ್ತೇನೆ. ಶಾಲೆಯ ಹತ್ತಿರದ ಒಂದು ಕೂಡುರಸ್ತೆಯಲ್ಲಿ ಮಕ್ಕಳನ್ನ ರಸ್ತೆ ದಾಟಿಸಲು ಕ್ರಾಸಿಂಗ್ ಗಾರ್ಡ್ ಬೇಕು ಅಂತ ಸ್ಕೂಲ್ ಬೋರ್ಡಿನಲ್ಲಿ ಕೇಳಿದೆ. ಕೈ ನಡುಗುತ್ತಿತ್ತು. ಯಾರೂ ಏನೂ ಹೇಳಲಿಲ್ಲ. ಹೊರಗೆ ಬಂದಾಗ ವಯಸ್ಸಾದ ಒಬ್ಬ ಹೆಂಗಸು ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದರು. ಕ್ರಾಸಿಂಗ್ ಗಾರ್ಡನ್ನ ಇಡುವುದು ಶಾಲೆ ಅಲ್ಲ, ಪುರಸಭೆ. ಪೊಲೀಸ್ ಇಲಾಖೆ ಮೂಲಕ. ಹೋಗಬೇಕಾದದ್ದು ಟೌನ್‌ಶಿಪ್ ಕೌನ್ಸಿಲ್‌ಗೆ. ಮುಂದಿನ ವಾರ ಅವರೇ ನನ್ನ ಜೊತೆ ಬಂದರು. ಆ ಸಂಜೆ ಅವರು ಬರದಿದ್ದರೆ ನಾನು ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ಹೊಸಬರ ಜೊತೆ ಒಬ್ಬರು ಹೋಗಬೇಕು ಅಂತ ನಾನು ಕೂಟದಲ್ಲಿ ಹಟ ಹಿಡಿಯುವುದಕ್ಕೆ ಕಾರಣ ಅವರೇ.

ರಸ್ತೆ ವಿಷಯದಲ್ಲೂ ಹೀಗೇ. ರೂಟ್ 27, ರೂಟ್ 1 ರಾಜ್ಯ ಸಾರಿಗೆ ಇಲಾಖೆಯ ಕೈಯಲ್ಲಿವೆ. ಐದು ಮೂಲೆಯ ನೀಲಿ ಫಲಕ ಇದ್ದರೆ ಕೌಂಟಿ ರಸ್ತೆ. ಉಳಿದ ಒಳರಸ್ತೆಗಳು ಹೆಚ್ಚಾಗಿ ಊರಿನವು. ಯಾರ ರಸ್ತೆ ಅಂತ ನೋಡಿಕೊಂಡು ಆಮೇಲೆ ಬಾಗಿಲು ತಟ್ಟಿ.

ನಿಮ್ಮ ಮಗುವಿನ ಸ್ವಂತ ವಿಷಯ ಮೈಕಿಗೆ ತರಬೇಡಿ

ಮೀಟಿಂಗ್ ರೆಕಾರ್ಡ್ ಆಗುತ್ತದೆ, ಎಷ್ಟೋ ಕಡೆ ನೇರ ಪ್ರಸಾರವೂ ಇರುತ್ತದೆ. ಮಗುವಿನ ಹೆಸರು, ಟೀಚರ್ ಹೆಸರು, ಇನ್ನೊಂದು ಮಗುವಿನ ಹೆಸರು ಅಲ್ಲಿ ಬರಬಾರದು. ಮೊದಲು ಟೀಚರ್, ಆಮೇಲೆ ಪ್ರಿನ್ಸಿಪಾಲ್, ಆಮೇಲೆ ಸೂಪರಿಂಟೆಂಡೆಂಟ್ ಕಚೇರಿ. ಬೋರ್ಡು ಕೊನೆಯದು.

ಯಾರಾದರೂ ಪೀಡಿಸುತ್ತಿದ್ದರೆ ಅದಕ್ಕೆ ಬೇರೆಯೇ ದಾರಿ ಇದೆ. 2011ರಲ್ಲಿ ಬಂದ ರಾಜ್ಯದ ಕಾನೂನಿನ ಪ್ರಕಾರ ಪ್ರತಿ ಶಾಲೆಯಲ್ಲೂ ಇದನ್ನ ನೋಡಿಕೊಳ್ಳುವ ಒಬ್ಬ ಸಿಬ್ಬಂದಿ ಇರುತ್ತಾರೆ. ಎಚ್‌ಐಬಿ (ಕಿರುಕುಳ, ಬೆದರಿಕೆ, ಪೀಡನೆ) ದೂರು ಅಂತ ಕೇಳಿ, ಬರೆದು ಕೊಡಿ. ತನಿಖೆ 10 ಶಾಲಾ ದಿನಗಳಲ್ಲಿ ಮುಗಿಯಬೇಕು. ಫಲಿತಾಂಶ ಒಪ್ಪಿಗೆ ಆಗದಿದ್ದರೆ ಬೋರ್ಡಿನ ಮುಂದೆ ಮುಚ್ಚಿದ ಬಾಗಿಲ ವಿಚಾರಣೆ ಕೇಳುವ ಹಕ್ಕಿದೆ. ಊಟದ ಡಬ್ಬಿ ವಾಸನೆ, ಹೆಸರು, ಬಣ್ಣ ಇವುಗಳ ಬಗ್ಗೆ ಆಡಿಕೊಂಡರೆ "ಮಕ್ಕಳು ಅಲ್ವಾ, ಬಿಡಿ" ಅಂತ ಸುಮ್ಮನಾಗಬೇಡಿ. ವಿಶೇಷ ಶಿಕ್ಷಣ ಬೇಕಾದ ಮಕ್ಕಳ ಪೋಷಕರಿಗೆ ಪ್ರತಿ ಡಿಸ್ಟ್ರಿಕ್ಟ್‌ನಲ್ಲೂ ಒಂದು ಸಲಹಾ ಗುಂಪು ಇರಲೇಬೇಕು. ಸೆಪಾಗ್ ಅಂತ ಕೇಳಿದರೆ ಗೊತ್ತಾಗುತ್ತದೆ.

ನಮ್ಮವರೆಲ್ಲ ಒಂದೇ ದನಿಯಲ್ಲಿ ಮಾತಾಡಬೇಕು ಅಂತ ಕೆಲವರು ಬಯಸುತ್ತಾರೆ. ನಾನು ಒಪ್ಪುವುದಿಲ್ಲ. 2015ರಲ್ಲಿ ವೆಸ್ಟ್ ವಿಂಡ್ಸರ್‌-ಪ್ಲೇನ್ಸ್‌ಬರೋ ಸೂಪರಿಂಟೆಂಡೆಂಟ್ ಡೇವಿಡ್ ಆಡರ್‌ಹೋಲ್ಡ್ ಮಕ್ಕಳ ಮೇಲಿನ ಒತ್ತಡ ಅತಿಯಾಗಿದೆ ಅಂತ ಪೋಷಕರಿಗೆ ಪತ್ರ ಬರೆದರು. ಹೈಸ್ಕೂಲಿನ ಮಧ್ಯಂತರ ಮತ್ತು ಅಂತಿಮ ಪರೀಕ್ಷೆಗಳು ಹೋದವು, ಕೆಲವು ರಾತ್ರಿ ಹೋಮ್‌ವರ್ಕ್ ಇಲ್ಲ ಅಂತಾಯಿತು. ಏಷ್ಯಾದಿಂದ ಬಂದ ಅನೇಕ ಪೋಷಕರು ಇದರಿಂದ ಓದಿನ ಮಟ್ಟ ಇಳಿಯುತ್ತದೆ ಅಂತ ವಿರೋಧಿಸಿದರು. ಒಳ್ಳೆಯದಾಯಿತು ಅಂದ ಪೋಷಕರೂ ಇದ್ದರು. ಒಂದೇ ಮನೆಯೊಳಗೆ ಗಂಡ ಹೆಂಡತಿಗೆ ಬೇರೆ ಬೇರೆ ಅಭಿಪ್ರಾಯ ಇರಬಹುದಾದ ವಿಷಯ ಅದು. ಕೂಟದ ಹೆಸರಿನಲ್ಲಿ ಮಾತಾಡುವುದಾದರೆ ಸಮಿತಿಯನ್ನ ಕೇಳಿ. ಇಲ್ಲದಿದ್ದರೆ ನಿಮ್ಮ ಹೆಸರಿನಲ್ಲಿ ಧಾರಾಳವಾಗಿ ಮಾತಾಡಿ.

ಕೌನ್ಸಿಲ್, ಪ್ಲಾನಿಂಗ್ ಬೋರ್ಡ್ ಮತ್ತು ಆ ಸರ್ಟಿಫೈಡ್ ಪತ್ರ

ಬೆಂಗಳೂರಿನಿಂದ ಬಂದ ಚಿಕ್ಕ ವಯಸ್ಸಿನವರಿಗೆ ಕಾರ್ಪೊರೇಟರ್ ಅಂದರೆ ಯಾರು ಅನ್ನುವುದೇ ಮರೆತುಹೋಗಿದೆ. ಅಲ್ಲಿ 2015ರಲ್ಲಿ ಆರಿಸಿದ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಇಲ್ಲಿ ನಿಮ್ಮ ಕೌನ್ಸಿಲ್ ಸದಸ್ಯರನ್ನ ತಿಂಗಳಿಗೆ ಒಂದೆರಡು ಸಲ ಎದುರಾಎದುರು ನೋಡಬಹುದು. ಎಡಿಸನ್‌ನಲ್ಲಿ ಇದ್ದದ್ದು 2020ರ ಜನಗಣತಿಯಂತೆ ಒಂದು ಲಕ್ಷದ ಮೇಲೆ ಜನ, ಕೌನ್ಸಿಲ್ಲಿನಲ್ಲಿ ಏಳು ಜನ. ಪ್ಲೇನ್ಸ್‌ಬರೋದಲ್ಲಿ ಐದು ಜನರ ಕಮಿಟಿ.

ಹಿಮ ತೆಗೆಯುವುದು, ಕಸ, ಪೊಲೀಸ್, ಪಾರ್ಕು, ಕ್ರಿಕೆಟ್ ಆಡುವ ಮೈದಾನ, ನಮ್ಮ ವನಭೋಜನಕ್ಕೆ ಬೇಕಾದ ಪರ್ಮಿಟ್, ಎಲ್ಲ ಇವರ ಕಡೆ. ಎರಡು ಪದ ತಿಳಿದಿರಲಿ. ರೆಸಲ್ಯೂಷನ್ ಒಂದೇ ಮೀಟಿಂಗ್‌ನಲ್ಲಿ ಪಾಸಾಗುತ್ತದೆ. ಆರ್ಡಿನೆನ್ಸ್ ಅಂದರೆ ಊರಿನ ಕಾನೂನು, ಅದಕ್ಕೆ ಎರಡು ಸಲ ಓದುವಿಕೆ ಬೇಕು. ಮೊದಲ ಸಲ ಪರಿಚಯ, ಎರಡನೇ ಸಲ ಸಾರ್ವಜನಿಕ ವಿಚಾರಣೆ ಮತ್ತು ಮತ. ಆ ನಡುವಿನ ದಿನಗಳೇ ನಿಮ್ಮ ಸಮಯ.

ಕನ್ನಡ ರಾಜ್ಯೋತ್ಸವಕ್ಕೆ ಊರಿನಿಂದ ಪ್ರೊಕ್ಲಮೇಶನ್, ಅಂದರೆ ಗೌರವದ ಘೋಷಣಾ ಪತ್ರ ಕೇಳಬಹುದು, ಕೇಳೋಣ. ಆದರೆ ಆ ಸಂಜೆ ಮೇಯರ್ ಜೊತೆ ಫೋಟೋ ತೆಗೆಸಿಕೊಂಡು ಎಲ್ಲರೂ ಒಟ್ಟಿಗೆ ಎದ್ದು ಹೊರಟುಬಿಡಬೇಡಿ. ಉಳಿದ ಮೀಟಿಂಗಿಗೂ ಕೂತುಕೊಳ್ಳಿ. ಊರು ನಮ್ಮನ್ನ ಗೌರವಿಸಿದ ದಿನ ಊರಿನ ಕೆಲಸವನ್ನ ಒಂದು ಗಂಟೆ ಕೇಳುವುದು ನಮ್ಮ ಕರ್ತವ್ಯ ಅಂತ ನನಗನ್ನಿಸುತ್ತದೆ.

ಈಗ ಪತ್ರದ ವಿಷಯ. ಮನೆ ಕೊಂಡವರಿಗೆ ಒಂದು ದಿನ ಸರ್ಟಿಫೈಡ್ ಅಂಚೆ ಬರುತ್ತದೆ. ವಕೀಲರ ಭಾಷೆ, ಬ್ಲಾಕ್, ಲಾಟ್ ಸಂಖ್ಯೆಗಳು. ಯಾರೋ ಕೇಸು ಹಾಕಿದ್ದಾರೆ ಅಂತ ಹೆದರುವವರು ಇದ್ದಾರೆ, ಜಾಹೀರಾತು ಅಂತ ಎಸೆಯುವವರು ಇನ್ನೂ ಜಾಸ್ತಿ. ಎಸೆಯಬೇಡಿ. ನಿಮ್ಮ ಜಾಗದಿಂದ 200 ಅಡಿಯೊಳಗೆ ಯಾರಾದರೂ ಕಟ್ಟಡಕ್ಕೆ ಅರ್ಜಿ ಹಾಕಿದರೆ ವಿಚಾರಣೆಗೆ ಕನಿಷ್ಠ 10 ದಿನ ಮೊದಲು ನಿಮಗೆ ತಿಳಿಸಬೇಕು. ಆ ಪತ್ರ ಅದು. ನಕ್ಷೆಗಳು ಟೌನ್ ಹಾಲಿನಲ್ಲಿ ಇರುತ್ತವೆ, ಹೋಗಿ ನೋಡಿ.

ಇಂಥ ಅರ್ಜಿಗಳನ್ನ ತೀರ್ಮಾನಿಸುವ ಪ್ಲಾನಿಂಗ್ ಅಥವಾ ಜೋನಿಂಗ್ ಬೋರ್ಡಿನ ವಿಚಾರಣೆ ಕೋರ್ಟಿನ ಹಾಗೇ. ಸಾಕ್ಷಿಗಳು ಪ್ರಮಾಣ ಮಾಡುತ್ತಾರೆ. ಬಿಲ್ಡರ್ ಕಡೆಯ ಎಂಜಿನಿಯರ್, ಟ್ರಾಫಿಕ್ ತಜ್ಞರನ್ನ ನೀವೇ ಪ್ರಶ್ನೆ ಕೇಳಬಹುದು. ಆಮೇಲೆ ನೀವೂ ಪ್ರಮಾಣ ಮಾಡಿ ಹೇಳಿಕೆ ಕೊಡಬಹುದು. ಮನೆಮನೆ ಸುತ್ತಿ ಸಹಿ ಸಂಗ್ರಹಿಸಿ ತಂದರೆ ಅದನ್ನ ಸಾಮಾನ್ಯವಾಗಿ ಸಾಕ್ಷ್ಯ ಅಂತ ತೆಗೆದುಕೊಳ್ಳುವುದಿಲ್ಲ. ನೂರು ಸಹಿಗಿಂತ ಬಂದು ಕೂತ ಐದು ಜನರಿಗೆ ಬೆಲೆ. ವಿಚಾರಣೆ ನಡೆಯುತ್ತಿರುವಾಗ ಬೋರ್ಡ್ ಸದಸ್ಯರಿಗೆ ಫೋನ್ ಮಾಡಿ ಹೇಳಿಕೊಳ್ಳಲೂಬೇಡಿ, ಅವರು ಹಾಗೆ ಮಾತಾಡುವಂತಿಲ್ಲ. ಟ್ರಾಫಿಕ್, ಲಾರಿಗಳ ಓಡಾಟ, ದೀಪದ ಬೆಳಕು, ಮಳೆನೀರು ಇವುಗಳ ಬಗ್ಗೆ ಕಂಡದ್ದನ್ನ ಹೇಳಿ. 2021ರ ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಮಳೆಗೆ ಬೇಸ್‌ಮೆಂಟ್ ಮುಳುಗಿದವರ ಹತ್ತಿರ ಆ ರಾತ್ರಿಯ ಫೋಟೋಗಳಿವೆ. ಪಕ್ಕದ ಜಾಗಕ್ಕೆ ಕಾಂಕ್ರೀಟ್ ಬೀಳುವಾಗ ಅವು ನಿಜವಾದ ಸಾಕ್ಷ್ಯ.

ಒಂದು ಕಡೆ ಮಾತ್ರ ಎಚ್ಚರ ಇರಲಿ. ಕಡಿಮೆ ಆದಾಯದವರ ಮನೆಗಳ ಯೋಜನೆ ಬಂದಾಗ ಸಭೆ ಬಿಸಿಯಾಗುತ್ತದೆ. ರಾಜ್ಯದ ಸುಪ್ರೀಂ ಕೋರ್ಟಿನ 1975ರ ಮೌಂಟ್ ಲಾರೆಲ್ ತೀರ್ಪಿನಿಂದ ಶುರುವಾಗಿ ಇಲ್ಲಿ ಪ್ರತಿ ಊರೂ ತನ್ನ ಪಾಲಿನ ಇಂಥ ಮನೆಗಳಿಗೆ ಜಾಗ ಕೊಡಬೇಕು ಅಂತ ಕಾನೂನಿದೆ. ಚರಂಡಿ, ಬಸ್ಸು, ತರಗತಿಯ ಸಂಖ್ಯೆ ಬಗ್ಗೆ ಧಾರಾಳವಾಗಿ ಕೇಳಿ. "ಅಂಥವರು ನಮ್ಮ ಊರಿಗೆ ಬೇಡ" ಅನ್ನುವ ಮಾತು ನಮ್ಮ ಬಾಯಲ್ಲಿ ಬರಬಾರದು. ನಾವೂ ಎರಡು ಸೂಟ್‌ಕೇಸ್ ಹಿಡಿದು ಬಂದವರು. ನಮ್ಮ ಅಪಾರ್ಟ್‌ಮೆಂಟ್ ಕಟ್ಟುವಾಗಲೂ ಯಾರೋ ಒಬ್ಬರು ಬೇಡ ಅಂದಿರಬಹುದು.

ಯಾವುದೇ ಕಾಗದ ಬೇಕಿದ್ದರೆ ಓಪ್ರಾ ಅರ್ಜಿ ಹಾಕಿ. ನಮ್ಮ ಆರ್‌ಟಿಐ ಥರ. ಅಲ್ಲಿ 30 ದಿನದ ಗಡುವು, ಇಲ್ಲಿ ಸಾಮಾನ್ಯವಾಗಿ 7 ಕೆಲಸದ ದಿನ.

ವೀಸಾದಲ್ಲಿ ಇರುವವರು ದಯವಿಟ್ಟು ಇದನ್ನ ಎರಡು ಸಲ ಓದಿ

ಮೀಟಿಂಗ್‌ಗೆ ಬರಬಹುದು, ಮಾತಾಡಬಹುದು, ಪಿಟಿಎ ಸೇರಬಹುದು. ಮತ ಹಾಕುವಂತಿಲ್ಲ. ಗ್ರೀನ್ ಕಾರ್ಡ್ ಇದ್ದವರೂ ಸ್ಕೂಲ್ ಬೋರ್ಡ್ ಚುನಾವಣೆಯಲ್ಲೂ ಮತ ಹಾಕುವಂತಿಲ್ಲ. ಲೈಸೆನ್ಸ್ ಮಾಡಿಸಲು ಮೋಟಾರ್ ವಾಹನ ಕಚೇರಿಗೆ ಹೋದಾಗ ಮತದಾರರ ನೋಂದಣಿಯ ಪ್ರಶ್ನೆ ಬರುತ್ತದೆ. ಅವಸರದಲ್ಲಿ ಹೌದು ಅನ್ನಬೇಡಿ, ಓದದೆ ಸಹಿ ಹಾಕಬೇಡಿ. ತಪ್ಪಿ ಆದ ನೋಂದಣಿಯೂ ಮುಂದೆ ಗ್ರೀನ್ ಕಾರ್ಡಿಗೆ, ಪೌರತ್ವಕ್ಕೆ ಕುತ್ತು ತರಬಹುದು. ತಪ್ಪಾಗಿದೆ ಅಂತ ಗೊತ್ತಾದರೆ ತಡಮಾಡದೆ ವಲಸೆ ವಕೀಲರನ್ನ ಕಾಣಿ. ಎಚ್-1ಬಿ, ಎಚ್-4ನಂಥ ವೀಸಾದಲ್ಲಿ ಇರುವವರು ಯಾವ ಅಭ್ಯರ್ಥಿಗೂ, ಪರಿಚಯದವರೇ ಆದರೂ, ಚುನಾವಣಾ ದೇಣಿಗೆ ಕೊಡಬಾರದು. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು.

ಪೌರತ್ವ ಪಡೆದವರಿಗೆ ಇನ್ನೊಂದು ಮಾತು. ಅಧ್ಯಕ್ಷರ ಚುನಾವಣೆಗೆ ಮಾತ್ರ ಹೋಗಿ ಮತಪತ್ರದ ಕೆಳಗಿನ ಸ್ಕೂಲ್ ಬೋರ್ಡ್ ಸಾಲುಗಳನ್ನ ಖಾಲಿ ಬಿಡಬೇಡಿ. ಆ ಸಾಲುಗಳೇ ನಿಮ್ಮ ಬಸ್ಸು.

ಮೊದಲ ಸಲಕ್ಕೆ ಜೊತೆ ಬೇಕಿದ್ದರೆ ಕೂಟದ ಗುಂಪಿನಲ್ಲಿ ನಿಮ್ಮ ಊರಿನ ಹೆಸರು ಹಾಕಿ. ಅದೇ ಊರಿನ ಒಬ್ಬರು ನಿಮ್ಮ ಪಕ್ಕ ಕೂರುತ್ತಾರೆ. ಚಿಕ್ಕ ಮಕ್ಕಳಿದ್ದರೆ ಗಂಡ ಹೆಂಡತಿ ತಿಂಗಳಿಗೊಬ್ಬರಂತೆ ಬನ್ನಿ. ಅಜ್ಜಿ ತಾತ ಊರಿನಿಂದ ಬಂದಿದ್ದರೆ ಅವರನ್ನೂ ಕರೆತನ್ನಿ, ಅವರಿಗೆ ಇದು ಬಹಳ ಹಿಡಿಸುತ್ತದೆ. ಹಾಲ್ ತಣ್ಣಗಿರುತ್ತದೆ, ಒಂದು ಸ್ವೆಟರ್ ಇರಲಿ. ಹತ್ತು ಗಂಟೆ ಆಗಬಹುದು, ಊಟ ಮುಗಿಸಿಕೊಂಡೇ ಬನ್ನಿ.